ಕಾಗದ ತಲುಪಿಸುವುದೂ ಯುದ್ಧದ ಕೆಲಸವೇ

 

ಯುದ್ಧ ಎಂದ ಕೂಡಲೇ ನಮಗೆ ನೆನಪಾಗುವುದು ಬಂದೂಕು, ಟ್ಯಾಂಕು, ವಿಮಾನ. ಅಂಚೆ ಚೀಲ ಯಾರಿಗೂ ನೆನಪಾಗುವುದಿಲ್ಲ. ಆದರೆ ದೇಶ ಬಿಟ್ಟು ದೂರ ಹೋದ ಸೈನಿಕನಿಗೆ ಊಟದಷ್ಟೇ ಮನೆಯ ಕಾಗದವೂ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಎರಡನೇ ಮಹಾಯುದ್ಧದ ಒಂದು ಸಂಗತಿ ಹೇಳ್ತೀನಿ, ಕೇಳಿ.

1945ರ ಆರಂಭದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ಯೂರೋಪಿನಲ್ಲಿದ್ದ ಅಮೆರಿಕದ ಸೈನಿಕರಿಗೆ ಬಂದ ಸುಮಾರು 1 ಕೋಟಿ 70 ಲಕ್ಷ ಕಾಗದ, ಪಾರ್ಸೆಲ್‌ಗಳು ರಾಶಿ ಬಿದ್ದಿದ್ದವು. ಕೆಲವು ಎರಡು ವರ್ಷ ಹಳೆಯವು. ಪಾರ್ಸೆಲ್ಲಿನ ತಿಂಡಿ ಕೆಟ್ಟು, ಇಲಿಗಳು ಸೇರಿಕೊಂಡಿದ್ದವು. ಹೀಗೇಕಾಯಿತು? ಸೈನಿಕರು ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ. ವಿಂಗಡಿಸಲು ಜನ ಸಾಲದು. ವಿಳಾಸವೂ ಸರಿಯಿಲ್ಲ, ಕೆಲವದರ ಮೇಲೆ ‘ಜೂನಿಯರ್, ಅಮೆರಿಕ ಸೈನ್ಯ’ ಅಂತ ಅಷ್ಟೇ! ರಾಬರ್ಟ್ ಸ್ಮಿತ್ ಎಂಬ ಹೆಸರಿನವರೇ ಸುಮಾರು 7,500 ಮಂದಿ.

ಮನೆಯವರು ಬರೆಯುತ್ತಲೇ ಇದ್ದರು. ಆದರೆ ಅದು ಸೈನಿಕನಿಗೆ ಹೇಗೆ ಗೊತ್ತಾಗಬೇಕು? ‘ನನ್ನನ್ನು ಮರೆತೇಬಿಟ್ರಾ? ಅಮ್ಮನಿಗೆ ಏನಾದ್ರೂ ಆಯ್ತಾ?’ ಅಂತ ಕೊರಗುವವನ ಕೈಗೆ ಎಂಥ ಬಂದೂಕು ಕೊಟ್ಟರೇನು, ಧೈರ್ಯ ಬರುತ್ತಾ?

ಈ ರಾಶಿ ಕರಗಿಸಲು ಬಂದದ್ದು ಮೇಜರ್ ಚಾರಿಟಿ ಆಡಮ್ಸ್ ನಾಯಕತ್ವದ 6888ನೇ ಅಂಚೆ ಬೆಟಾಲಿಯನ್. 800ಕ್ಕೂ ಹೆಚ್ಚು ಮಹಿಳೆಯರು, ಹೆಚ್ಚಿನವರು ಕಪ್ಪು ಜನಾಂಗದವರು. ಆಗ ಅವರದೇ ಸೈನ್ಯದಲ್ಲಿ ಕರಿಯರನ್ನು ಬಿಳಿಯರಿಂದ ಬೇರೆ ಇಡುತ್ತಿದ್ದರು. ಗೋದಾಮಿನಲ್ಲಿ ಕೊರೆಯುವ ಚಳಿ. ವಿಮಾನ ದಾಳಿಯ ಭಯಕ್ಕೆ ಕಿಟಕಿಗಳಿಗೆ ಕಪ್ಪು ಬಳಿದಿತ್ತು. ಹಗಲೂ ರಾತ್ರಿ ಮೂರು ಪಾಳಿ. ಒಂದು ಪಾಳಿಗೆ ಸುಮಾರು 65,000 ಕಾಗದ. ಸುಮಾರು 70 ಲಕ್ಷ ಕಾರ್ಡುಗಳನ್ನು ಇಟ್ಟುಕೊಂಡು, ಒಂದೇ ಹೆಸರಿನವರನ್ನು ಸೈನ್ಯದ ನಂಬರಿನಿಂದ ಪತ್ತೆ ಹಚ್ಚಿದರು. ಆರು ತಿಂಗಳ ಕೆಲಸವನ್ನು ಮೂರೇ ತಿಂಗಳಲ್ಲಿ ಮುಗಿಸಿದರು!

‘ಹಡಗಿನಲ್ಲಿ ಮೊದಲು ಮದ್ದುಗುಂಡಿಗೆ ಜಾಗ, ಕಾಗದ ಆಮೇಲೆ’ ಅಂತ ಕೆಲವರು ವಾದಿಸಬಹುದು. ಆ ಮಾತೂ ಸುಳ್ಳಲ್ಲ. ಆದರೆ ಅದಕ್ಕೂ ಉಪಾಯವಿತ್ತು. 1942ರಿಂದಲೇ ‘ವಿ-ಮೇಲ್’ ಎಂಬ ಕ್ರಮದಲ್ಲಿ ಕಾಗದಗಳ ಫೋಟೋ ತೆಗೆದು ಸಣ್ಣ ಫಿಲಂ ಮಾಡಿ ಕಳಿಸುತ್ತಿದ್ದರು. 37 ಚೀಲದ ಕಾಗದ ಒಂದೇ ಚೀಲದಲ್ಲಿ ಹಿಡಿಸುತ್ತಿತ್ತು. ಮನಸ್ಸಿದ್ದರೆ ಮಾರ್ಗ ಅಲ್ವಾ?

ನನಗೆ ಬೇಸರ ತರುವುದು ಇನ್ನೊಂದು ವಿಷಯ. ಈ ಮಹಿಳೆಯರಿಗೆ ಅಮೆರಿಕದ ಸಂಸತ್ತಿನ ಚಿನ್ನದ ಪದಕ ಕೊಡಬೇಕೆಂಬ ಕಾನೂನು ಬಂದದ್ದು 2022ರಲ್ಲಿ. ಚಾರಿಟಿ ಆಡಮ್ಸ್ 2002ರಲ್ಲೇ ತೀರಿಕೊಂಡಿದ್ದರು. ಸೈನಿಕರ ಕಾಗದ ಎರಡು ವರ್ಷ ತಡವಾದರೆ, ಅದನ್ನು ತಲುಪಿಸಿದವರ ಗೌರವ 77 ವರ್ಷ ತಡವಾಯಿತು!

ಈಗ ಫೋನ್ ಇದೆ, ನಿಜ. ಆದರೂ ನಮ್ಮ ಸೈನಿಕರಿಗೆ ಕಾಗದ ಬರೆಯುವಾಗ ನಂಬರು, ಹೆಸರು, ದಳ, ‘56 ಎ.ಪಿ.ಒ.’ ಎಲ್ಲವನ್ನೂ ಬಿಡಿಸಿ ಬರೆಯಿರಿ. ಅಂಚೆಯವರನ್ನು ಹಗುರವಾಗಿ ಕಾಣಬೇಡಿ. ಗಡಿ ಕಾಯುವವನ ಧೈರ್ಯ ಕಾಯುವವರೂ ಸೈನಿಕರೇ. ನೀವೇನಂತೀರಿ?