ಹೆಸರಿನಿಂದ ರೋಗದ ತವರು ತಿಳಿಯುವುದೆ?

ಪರಂಗಿ ಹಣ್ಣು, ಪರಂಗಿ ಚಕ್ಕೆ, ಪರಂಗಿ ರೋಗ: ಈ ಮೂರು ಮಾತುಗಳೂ ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಮೊದಲನೆಯದು ಪಪ್ಪಾಯಿ, ಎರಡನೆಯದು ನಾಟಿ ವೈದ್ಯರು ಬಳಸುವ ಒಂದು ಬೇರು, ಮೂರನೆಯದು ಸ್ತ್ರೀಪುರುಷರ ಸಂಪರ್ಕದಿಂದ ಹರಡುವ ಸಿಫಿಲಿಸ್. ಪರಂಗಿಯವರೆಂದರೆ ಪೋರ್ಚುಗೀಸರೇ ಮೊದಲಾದ ಯೂರೋಪಿಯನರು. ಹೆಸರನ್ನೇ ನಂಬುವುದಾದರೆ ಮೂರೂ ಯೂರೋಪಿನಲ್ಲಿ ಹುಟ್ಟಿರಬೇಕು. ಆದರೆ ಪಪ್ಪಾಯಿಯ ತವರು ಅಮೆರಿಕ; ಪರಂಗಿ ಚಕ್ಕೆ ಬಂದದ್ದು ಚೀನದಿಂದ. ಹಾಗಾದರೆ ರೋಗದ ತವರು ಯಾವುದು?

೧೪೯೩ರಲ್ಲಿ ಕೊಲಂಬಸನು ಅಮೆರಿಕದಿಂದ ಮರಳಿದನು. ಎರಡು ವರ್ಷ ಕಳೆಯುವಷ್ಟರಲ್ಲಿ, ಇಟಲಿಯ ನೇಪಲ್ಸ್ ನಗರವನ್ನು ಹಿಡಿದಿದ್ದ ಫ್ರಾನ್ಸಿನ ಎಂಟನೆಯ ಚಾರ್ಲ್ಸನ ಸೈನ್ಯದಲ್ಲಿ ಘೋರವಾದ ಹುಣ್ಣಿನ ರೋಗವು ಹಬ್ಬಿತು. ಫ್ರೆಂಚರು ಅದನ್ನು ನೇಪಲ್ಸ್ ರೋಗವೆಂದರು. ಇಟಲಿಯವರು ಫ್ರೆಂಚ್ ರೋಗವೆಂದರು. ತಮ್ಮದೆಂದು ಒಪ್ಪಿಕೊಳ್ಳುವವರು ಯಾರು! ೧೪೯೮ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದನಷ್ಟೆ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಫಿರಂಗ ರೋಗವನ್ನು ವರ್ಣಿಸಿ, ಅದಕ್ಕೆ ಪಾದರಸದ ಔಷಧವನ್ನೂ ಚೋಪಚೀನಿಯನ್ನೂ, ಎಂದರೆ ನಮ್ಮ ಪರಂಗಿ ಚಕ್ಕೆಯನ್ನೂ ವಿಧಿಸಿರುವನು.

ಸುಶ್ರುತಸಂಹಿತೆಯ ‘ಉಪದಂಶ’ವೇ ಈ ರೋಗವೆಂದೂ, ಆದ್ದರಿಂದ ಇದು ನಮ್ಮಲ್ಲಿ ಮೊದಲಿನಿಂದಲೂ ಇತ್ತೆಂದೂ ವಾದಿಸುವವರುಂಟು. ನಾವು ಇದನ್ನು ಒಪ್ಪಲಾರೆವು. ಗುಹ್ಯಾಂಗದ ಹುಣ್ಣುಗಳಿಗೆ ಕಾರಣಗಳು ಹಲವು. ಭಾವಮಿಶ್ರನೇ ಉಪದಂಶವನ್ನೂ ಫಿರಂಗವನ್ನೂ ಬೇರೆಬೇರೆಯಾಗಿ ಹೇಳಿರುವಾಗ ಅವೆರಡನ್ನು ಒಂದು ಮಾಡುವುದೇಕೆ? ಇದಕ್ಕೆ ವಿರುದ್ಧವಾಗಿ, ಹಳೆಯ ದಾಖಲೆಗಳಲ್ಲಿ ಹೆಸರಿಲ್ಲದ್ದರಿಂದ ರೋಗವೂ ಇರಲಿಲ್ಲವೆನ್ನುವುದು ಕೂಡ ಅವಸರದ ಮಾತೇ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ೧೧೬೨ರ ಶಾಸನವೊಂದಿದೆ. ಅಲ್ಲಿನ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ತರ್ಕಗಳ ಪಾಠ ನಡೆಯುತ್ತಿತ್ತೆಂದೂ, ದೀನರಿಗೆ ಅನ್ನವೂ ನಾನಾ ರೋಗಿಗಳಿಗೆ ಔಷಧೋಪಚಾರವೂ ದೊರೆಯುತ್ತಿದ್ದುವೆಂದೂ ಅದು ಹೇಳುತ್ತದೆ. ಎಂಟುನೂರು ವರ್ಷಗಳಿಗೂ ಹಿಂದೆ ಮಲೆನಾಡಿನ ಅಂಚಿನಲ್ಲಿ ಇಂತಹ ಸ್ಥಳವಿದ್ದುದು ಹೆಮ್ಮೆಯ ವಿಷಯ. ಆದರೆ ಬಂದವರ ರೋಗಗಳು ಯಾವುವೆಂಬುದನ್ನು ಶಾಸನವು ಬರೆದಿಟ್ಟಿಲ್ಲ. ದಾನವನ್ನು ಕೊಂಡಾಡುವ ಕಲ್ಲನ್ನು ವೈದ್ಯನ ದಿನಚರಿಯಂತೆ ಓದಲಾಗದು.

ಸಾಕ್ಷಿಯನ್ನು ರೋಗಾಣುವಿನಲ್ಲಿಯೇ ಹುಡುಕಬೇಕು. ತಿರುಪಿನಾಕಾರದ ಈ ಸೂಕ್ಷ್ಮಾಣುವನ್ನು ಷೌಡಿನ್ ಮತ್ತು ಹಾಫ್‌ಮನ್ ಎಂಬವರು ೧೯೦೫ರಲ್ಲಿ ಬರ್ಲಿನ್ನಿನಲ್ಲಿ ಕಂಡುಹಿಡಿದರು. ಸಂಭೋಗವಿಲ್ಲದೆಯೇ ಹರಡುವ ಯಾಸ್, ಬೆಜೆಲ್ ಎಂಬ ರೋಗಗಳ ಅಣುಗಳು ಇದರ ದಾಯಾದಿಗಳು. ಮೂರೂ ಎಲುಬಿನ ಮೇಲೆ ಹೆಚ್ಚುಕಡಮೆ ಒಂದೇ ಬಗೆಯ ಗುರುತನ್ನು ಬಿಡುವುದರಿಂದ, ಬರಿಯ ಕಣ್ಣಿನಿಂದ ನೋಡಿ ತೀರ್ಪು ಕೊಡುವುದು ಕಷ್ಟ. ಈಗ ಎಲುಬಿನಲ್ಲಿ ಉಳಿದಿರುವ ರೋಗಾಣುವಿನ ಡಿ.ಎನ್.ಎ.ಯನ್ನೇ ಓದಬಹುದಾಗಿದೆ. ಮೆಕ್ಸಿಕೋ, ಪೆರು, ಚಿಲಿ, ಅರ್ಜೆಂಟೀನಗಳ ಹಳೆಯ ಎಲುಬುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಈ ವಂಶವು ಕೊಲಂಬಸನಿಗಿಂತ ಮುಂಚೆಯೇ ಅಮೆರಿಕದಲ್ಲಿ ಕವಲೊಡೆದಿತ್ತೆಂದು ೨೦೨೪ರಲ್ಲಿ ಪ್ರಕಟಿಸಿದರು. ಸದ್ಯಕ್ಕೆ ಅಮೆರಿಕದ ಪಕ್ಷವೇ ಬಲವಾದುದೆಂದು ನಮ್ಮ ಮತ. ಆದರೂ ಹಳೆಯ ಯೂರೋಪು, ಏಷ್ಯಗಳ ಎಲುಬುಗಳ ಪರೀಕ್ಷೆ ಬಹಳಷ್ಟು ಬಾಕಿಯಿರುವಾಗ ವಾದ ಮುಗಿಯಿತೆನ್ನಲಾಗದು.

ಹೆಸರಿನ ತೊಡಕು ನಮ್ಮ ಊರುಗಳಿಗೂ ತಟ್ಟಿದೆ. ಶಿಕಾರಿಪುರಕ್ಕೆ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಮಂಗಗಳು ಸತ್ತುಬಿದ್ದುವು. ಜನರೂ ಜ್ವರದಿಂದ ನರಳಿದರು. ಇದು ಬೇರೆಯೇ ಜಾತಿಯ ರೋಗ; ಉಣ್ಣೆಹುಳುವಿನಿಂದ ಹರಡುವಂಥದು. ಆಫ್ರಿಕದ ಹಳದಿ ಜ್ವರವೇ ಬಂದಿತೆಂದು ಮೊದಲು ಶಂಕಿಸಲಾಯಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ವೈರಸ್ಸನ್ನು ಬೇರ್ಪಡಿಸಿ ನೋಡಲಾಗಿ ಅದು ಸೈಬೀರಿಯದ ಓಮ್ಸ್ಕ್ ಜ್ವರದ ಬಳಗದ್ದಾಗಿತ್ತು. ವಲಸೆ ಹಕ್ಕಿಗಳು ತಂದುವೆಂಬ ಊಹೆಯೂ ಹೊರಟಿತು. ದೂರದ ಕಛ್, ಸೌರಾಷ್ಟ್ರಗಳ ಜನರ ರಕ್ತದಲ್ಲಿಯೂ ಅದರ ಸುಳಿವು ಕಂಡುಬಂದಿತು. ಊರಿನವರಿಗೆ ಅದು ಮಂಗನ ಕಾಯಿಲೆ. ಪ್ರಪಂಚದ ಪುಸ್ತಕಗಳಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ. ಮೊದಲು ಕಂಡ ಊರೇ ಹುಟ್ಟಿದ ಊರೆಂಬುದಕ್ಕೆ ಆಧಾರವೇನು? ಹೊಸ ರೋಗಗಳಿಗೆ ಊರು, ಜನ, ಪ್ರಾಣಿಗಳ ಹೆಸರನ್ನು ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಸೂಚಿಸಿದುದು ಸರಿಯೆಂದೇ ನಾವು ಭಾವಿಸುತ್ತೇವೆ.

ಪರಂಗಿ ರೋಗದ ವಿಷಯದಲ್ಲಿ ಇದು ಬರಿಯ ಪಂಡಿತರ ಜಗಳವಲ್ಲ. ಪರರ ರೋಗವೆಂದೂ ಪಾಪದ ಫಲವೆಂದೂ ಕೇಳುತ್ತ ಬೆಳೆದವನು ಹುಣ್ಣು ಕಂಡಾಗ ವೈದ್ಯರಿಗೆ ತೋರಿಸಲು ನಾಚುತ್ತಾನೆ. ಹುಣ್ಣು ತಾನಾಗಿ ಮಾಯ್ದರೂ ರೋಗಾಣು ಮೈಯಲ್ಲಿ ಉಳಿದಿರುತ್ತದೆ. ಹೆಂಡತಿಗೂ, ಆಕೆಯಿಂದ ಗರ್ಭದ ಶಿಶುವಿಗೂ ದಾಟುತ್ತದೆ. ೧೯೪೩ರಿಂದಲೂ ಪೆನಿಸಿಲಿನ್ನಿಗೆ ಮಣಿಯುತ್ತಿರುವ ರೋಗವಿದು. ಪತ್ತೆಗೆ ಒಂದು ರಕ್ತಪರೀಕ್ಷೆ ಸಾಕು.