ಜಾತಿ ಸಾಯೋದು ಯಾವುದರಿಂದ?



ಭಾಷಣ ಶುರುಮಾಡುವಾಗ ನಾವು ಮಾರ್ಕ್ಸ್, ಗಾಂಧಿ, ಲೋಹಿಯಾ, ಅಂಬೇಡ್ಕರ್ ಅಂತ ಒಂದೇ ಉಸಿರಿಗೆ ಹೇಳಿ ಚಪ್ಪಾಳೆ ತಗೊಳ್ತೀವಿ, ನಾಲ್ವರೂ ಒಂದೇ ಮಾತು ಹೇಳಿದ ಹಾಗೆ. ಇದು ಗೌರವ ಅಲ್ಲ, ಸೋಮಾರಿತನ. ನಾಲ್ವರಿಗೂ ಒಂದೇ ಪ್ರಶ್ನೆ ಹಾಕಿ ನೋಡೋಣ: ಜಾತಿ ಸಾಯೋದು ಯಾವುದರಿಂದ?

ಮುಂಬಯಿ–ಠಾಣೆ ನಡುವೆ ಮೊದಲ ಪ್ರಯಾಣಿಕರ ರೈಲು ಓಡಿದ 1853ರಲ್ಲೇ ಮಾರ್ಕ್ಸ್ ಬರೆದರು: ರೈಲಿನ ಹಿಂದೆ ಬರುವ ಕೈಗಾರಿಕೆ ವಂಶಪಾರಂಪರ್ಯದ ಕಸುಬನ್ನು ಒಡೆಯುತ್ತದೆ, ಅದರ ಮೇಲೆ ನಿಂತ ಜಾತಿಯೂ ಕರಗುತ್ತದೆ. ರೈಲು ಬಂತು. ಊರು ಬಿಟ್ಟು ಹೋಗೋಕೆ ನಮ್ಮವರಿಗೂ ದಾರಿಯಾಯ್ತು, ನಿಜ. ಆದರೆ ಆ ಹಳಿ ಮೇಲೆ ಬಿದ್ದ ಮಲ ಬಳಿದವರು ಯಾವ ಜಾತಿಯವರು? ಯಂತ್ರ ಹೊಸದಾಯ್ತು, ಕಸುಬು ಹಳೇ ಜಾತಿಗೇ ಗಂಟುಬಿತ್ತು.

ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ 1936ರ ಅಧ್ಯಕ್ಷ ಭಾಷಣಕ್ಕೆ ಬಾಬಾಸಾಹೇಬರನ್ನು ಕರೆಯಿತು. ಭಾಷಣ ಓದಿ ಹೆದರಿ ಹಿಂದೆ ಸರಿಯಿತು. ಅವರು ತಾವೇ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'. ಸಹಭೋಜನದಿಂದ ಜಾತಿ ಹೋಗೋದಿಲ್ಲ, ಅಂತರ್ಜಾತಿ ಮದುವೆ ಆಗಬೇಕು. ಅದು ಆಗದಂತೆ ತಡೆದಿರೋದು ಶಾಸ್ತ್ರದ ಮೇಲಿನ ನಂಬಿಕೆ. ಮೊದಲು ಅದನ್ನು ಮುರಿಯಿರಿ ಅಂದರು.

ಅದೇ ವರ್ಷ 'ಹರಿಜನ' ಪತ್ರಿಕೆಯಲ್ಲಿ ಗಾಂಧೀಜಿ ಉತ್ತರ ಕೊಟ್ಟರು: ಜಾತಿಗೂ ಧರ್ಮಕ್ಕೂ ಸಂಬಂಧವಿಲ್ಲ, ವರ್ಣ ಅಂದರೆ ಅವರವರ ಕುಲದ ಕೆಲಸ, ಎಲ್ಲ ಕೆಲಸವೂ ಸಮಾನ. ಸಮಾನವಾದರೆ ಅದಲುಬದಲು ಯಾಕೆ ಆಗಬಾರದು? ಇದಕ್ಕೆ ಅಲ್ಲಿ ಉತ್ತರವಿಲ್ಲ. ಕೊನೆಯ ವರ್ಷಗಳಲ್ಲಿ ಸವರ್ಣ–ಹರಿಜನ ಮದುವೆಗೆ ಮಾತ್ರ ಬರ್ತೀನಿ ಅನ್ನುವಷ್ಟು ಅವರು ಬದಲಾದರು. ಅಂದರೆ ಬಾಬಾಸಾಹೇಬರ ಹತ್ತಿರಕ್ಕೇ ಬಂದರು.

ಲೋಹಿಯಾ ಅಧಿಕಾರದ ಮಾತಾಡಿದರು. ಮೊದಲು ಅರ್ಹತೆ, ಆಮೇಲೆ ಅವಕಾಶ ಅನ್ನೋದು ಮೋಸ. ಹೆಂಗಸರು, ಶೂದ್ರರು, ದಲಿತರು, ಆದಿವಾಸಿಗಳು, ಅಲ್ಪಸಂಖ್ಯಾತರಲ್ಲಿ ಹಿಂದುಳಿದವರು, ಇವರಿಗೆ ನೂರಕ್ಕೆ 60 ಸ್ಥಾನ ಕೊಡಿ ಅಂದರು. ಒಳ್ಳೇ ಮಾತು. ಆದರೆ 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರು ಸುಟ್ಟು ಬೂದಿಯಾದಾಗ ಎದುರು ನಿಂತವರು ಬ್ರಾಹ್ಮಣರಲ್ಲ, ಭೂಮಿ ಇದ್ದ ಶೂದ್ರ ಜಾತಿಯವರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಟ್ಟಿತು.

ಬಾಬಾಸಾಹೇಬರ ಮಾತು ಗಟ್ಟಿ ಅನ್ನೋದು ಅವರು ನಮ್ಮವರು ಅಂತಲ್ಲ. ಉಳಿದ ಮೂರೂ ದಾರಿ ಎಲ್ಲಿ ಮುಗ್ಗರಿಸುತ್ತವೆ ಅನ್ನೋದು ಅವರಲ್ಲೇ ಸಿಗುತ್ತದೆ. ಜಾತಿ ಮೆಟ್ಟಿಲು ಮೆಟ್ಟಿಲಾಗಿದೆ. ಪ್ರತಿಯೊಬ್ಬನಿಗೂ ತುಳಿಯೋಕೆ ಕೆಳಗೊಬ್ಬ ಸಿಗ್ತಾನೆ. ಅದಕ್ಕೇ ಯಂತ್ರವೂ, ಮನಸ್ಸಾಕ್ಷಿಯೂ, ಬರೀ ಸೀಟು ಹಂಚಿಕೆಯೂ ಸಾಲೋದಿಲ್ಲ.

ಹಾಗಂತ ಅವರ ದಾರಿಯೂ ಸಲೀಸಲ್ಲ. ಮದುವೆಯ ಭಾರ ಬೀಳೋದು ಇಬ್ಬರು ಎಳೆಯರ ತಲೆ ಮೇಲೆ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ 30 ದಿನದ ನೋಟಿಸು ಹಚ್ಚಬೇಕು. ಅದನ್ನು ಮೊದಲು ಓದೋದು ದೊಣ್ಣೆ ಹಿಡಿದ ನೆಂಟರು. ಆ 30 ದಿನ ಜೊತೆಗೆ ನಿಲ್ಲುವ ಸಂಘಟನೆ ಇಲ್ಲದಿದ್ದರೆ ಪುಸ್ತಕದ ವಾದ ಪುಸ್ತಕದಲ್ಲೇ ಉಳೀತದೆ.

ಇನ್ನೊಂದು ಮಾತು, ಕಹಿಯಾದರೂ ಕೇಳಿ. ನಮ್ಮ ಹಾಸ್ಟೆಲುಗಳಲ್ಲೇ ಎಡಗೈ, ಬಲಗೈ ಅಂತ ತಟ್ಟೆ ಹಿಡಿದು ಬೇರೆ ಬೇರೆ ಕೂರೋರು ಇಲ್ವಾ? ಅವರಿವರ ನಡುವೆ ಹೆಣ್ಣು ಕೊಟ್ಟು ತರೋದು ಎಷ್ಟು ಮನೆಯಲ್ಲಿದೆ? ಮೇಲಿನ ಮೆಟ್ಟಿಲಿಗೆ ಸುತ್ತಿಗೆ ಎತ್ತುವ ಮುಂಚೆ ನಾವು ನಿಂತಿರುವ ಮೆಟ್ಟಿಲನ್ನೂ ನೋಡಿಕೊಳ್ಳೋಣ.

'ಜಾತಿ ವಿನಾಶ' ಓದಿ. ಗಾಂಧೀಜಿಯ ಉತ್ತರವನ್ನೂ ಓದಿ. ಕೋಣೆಯಲ್ಲಿ ಕೂತು ಜಗಳ ಆಡಿ. ಆಮೇಲೆ ಒಂದೇ ಸಾಲಲ್ಲಿ ಊಟಕ್ಕೆ ಕೂರಿ.

ಜೈ ಭೀಮ್.