ಆಟದೊಳಗಣ ಧರ್ಮಸಂಕಟ

ಮಕ್ಕಳು ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಆಡುವ ವಿಡಿಯೋ ಗೇಮುಗಳೆಂದರೆ ಹಿರಿಯರಾದ ನಮಗೆಲ್ಲ ಒಂದೇ ಬಗೆಯ ಅಸಮಾಧಾನ. ಕಣ್ಣು ಕೆಡುತ್ತದೆ, ಓದು ಹಿಂದೆ ಬೀಳುತ್ತದೆ, ಹೊತ್ತು ಹಾಳಾಗುತ್ತದೆ. ಈ ದೂರುಗಳು ಸುಳ್ಳಲ್ಲ. ತರಗತಿಯಲ್ಲಿ ನಾನೂ ಇವನ್ನು ಅನೇಕ ಸಲ ಹೇಳಿದ್ದೇನೆ. ಆದರೆ ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಹತ್ತನೆಯ ಇಯತ್ತೆಯ ಹುಡುಗನೊಬ್ಬ ಕೇಳಿದ ಪ್ರಶ್ನೆಯು ನನ್ನನ್ನು ಬೇರೊಂದು ವಿಚಾರಕ್ಕೆ ಹಚ್ಚಿತು. ಅದನ್ನು ನಮ್ಮ ವಾರ್ಷಿಕ ಸಂಚಿಕೆಯ ಓದುಗರ ಮುಂದಿಡುವುದು ಉಚಿತವೆಂದು ಭಾವಿಸುತ್ತೇನೆ.

ಆ ಹುಡುಗನು ತನ್ನ ಅಣ್ಣನ ಕಂಪ್ಯೂಟರಿನಲ್ಲಿ 'ಪೇಪರ್ಸ್, ಪ್ಲೀಸ್' ಎಂಬ ಆಟವನ್ನು ಆಡಿದ್ದನು. ಲೂಕಸ್ ಪೋಪ್ ಎಂಬವರು ರಚಿಸಿದ ಈ ಆಟವು ಹೊರಬಂದುದು 2013ರಲ್ಲಿ. ಕಾಲ 1982, ಸ್ಥಳ ಒಂದು ಕಲ್ಪಿತ ದೇಶದ ಗಡಿ. ಆಡುವವನು ಅಲ್ಲಿನ ಒಬ್ಬ ಸಾಮಾನ್ಯ ಅಧಿಕಾರಿ. ಒಳಗೆ ಬರುವವರ ಕಾಗದಪತ್ರಗಳನ್ನು ನೋಡಿ, ಬಿಡುವ ಮುದ್ರೆಯನ್ನೋ ತಡೆಯುವ ಮುದ್ರೆಯನ್ನೋ ಒತ್ತುವುದೇ ಅವನ ಕೆಲಸ. ಸರಿಯಾಗಿ ಪರೀಕ್ಷಿಸಿದ ತಲೆಗೆ ಇಷ್ಟು ಎಂದು ಸಂಬಳ. ತಪ್ಪು ಹೆಚ್ಚಿದರೆ ದಂಡ. ಸಂಜೆ ಮನೆಗೆ ಹೋದರೆ ಬಾಡಿಗೆ, ಊಟ, ಚಳಿಗೆ ಬೆಂಕಿ, ಕಾಯಿಲೆಯವರಿಗೆ ಔಷಧ. ಎಲ್ಲಕ್ಕೂ ಹಣ ಸಾಲದು.

ಒಂದು ದಿನ ಗಂಡನೊಬ್ಬನು ಬರುತ್ತಾನೆ. ಅವನ ಕಾಗದಗಳು ಸರಿಯಾಗಿವೆ. ಹಿಂದಿನಿಂದ ಅವನ ಹೆಂಡತಿ ಬರುತ್ತಾಳೆ. ಅವಳಲ್ಲಿ ಬೇಕಾದ ಒಂದು ಪತ್ರವಿಲ್ಲ. ತನ್ನನ್ನು ಹಿಂದಕ್ಕೆ ಕಳುಹಬೇಡಿರೆಂದು ಅವಳು ಬೇಡಿಕೊಳ್ಳುತ್ತಾಳೆ.

"ಸರ್, ನೀವಾಗಿದ್ದರೆ ಅವಳನ್ನು ಒಳಗೆ ಬಿಡುತ್ತಿದ್ದಿರಾ?" ಎಂದು ಹುಡುಗ ಕೇಳಿದ.

ನಾನು ಒಡನೆ ಉತ್ತರ ಕೊಡಲಿಲ್ಲ. ಕೊಡದುದರ ಕಾರಣವನ್ನು ಮುಂದೆ ಹೇಳುತ್ತೇನೆ.

ಇಂಥ ಸಂಕಟವು ನಮಗೆ ಹೊಸದಲ್ಲ. ಗೋವಿನ ಹಾಡನ್ನು ಕೇಳುತ್ತ ಬೆಳೆದವರು ನಾವು. ಕೊಟ್ಟ ಮಾತು ಒಂದು ಕಡೆ, ಹಾಲುಗರು ಇನ್ನೊಂದು ಕಡೆ. ಪುಣ್ಯಕೋಟಿಯ ಮುಂದಿದ್ದುದು ಇದೇ ಪ್ರಶ್ನೆ. ಆದರೆ ಅಲ್ಲಿ ಆಯ್ದುಕೊಂಡುದು ಗೋವು, ಅತ್ತುದು ನಾವು. ಆಟದಲ್ಲಿ ಮುದ್ರೆಯನ್ನೊತ್ತುವ ಬೆರಳು ನಮ್ಮದೇ. 'ಅವನು ಹಾಗೆ ಮಾಡಿದ' ಎನ್ನುವುದಕ್ಕೂ 'ನಾನು ಹಾಗೆ ಮಾಡಿದೆ' ಎನ್ನುವುದಕ್ಕೂ ಇರುವ ಅಂತರ ಸಣ್ಣದಲ್ಲ. ಕಥೆ ಕೇಳಿದ ಮಗು ಕನಿಕರವನ್ನು ಕಲಿಯುತ್ತದೆ. ಇಂಥ ಆಟವನ್ನು ಆಡಿದವನು ಹೊಣೆಯನ್ನೂ ಕಲಿಯಬಹುದು.

ಹಾಗೆಂದು ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 2007ರಲ್ಲಿ ಬಂದ 'ಬಯೋಶಾಕ್' ಎಂಬ ಹೆಸರಾಂತ ಆಟದಲ್ಲಿ, ಸಮುದ್ರದಡಿಯ ನಗರವೊಂದರಲ್ಲಿ ಪುಟ್ಟ ಹುಡುಗಿಯರು ಆಡುವವನ ಕೈಗೆ ಸಿಕ್ಕುತ್ತಾರೆ. ಅವರನ್ನು ಬಲಿಗೊಟ್ಟರೆ ಅವನಿಗೆ ಹೆಚ್ಚು ಶಕ್ತಿ, ಉಳಿಸಿದರೆ ಕಡಿಮೆ. ಇದು ಕಠಿನ ಪರೀಕ್ಷೆಯೆಂದೇ ಮೊದಲು ತೋರುತ್ತದೆ. ಆದರೆ ಉಳಿಸಿದವನಿಗೆ ಮುಂದೆ ಉಡುಗೊರೆಗಳು ಬಂದು ಅವನ ನಷ್ಟದ ಬಹುಪಾಲು ತುಂಬುತ್ತದೆ. ಅಂದಮೇಲೆ ಕರುಣೆಯೂ ಒಂದು ಲಾಭದ ವ್ಯಾಪಾರವೇ ಆಯಿತಲ್ಲವೆ? ಒಳ್ಳೆಯತನಕ್ಕೆ ಅಂಕಗಳನ್ನು ಕೊಡುವ ಆಟವು ಲೆಕ್ಕವನ್ನು ಕಲಿಸೀತು, ನೀತಿಯನ್ನು ಕಲಿಸಲಾರದು. ಅಂಕಪಟ್ಟಿಗಳ ನಡುವೆಯೇ ಬಾಳುವ ಅಧ್ಯಾಪಕನಾದ ನಾನು ಈ ಮಾತನ್ನು ನನಗೂ ಹೇಳಿಕೊಳ್ಳುತ್ತಿದ್ದೇನೆ.

ಇದಕ್ಕೆ ಹೊರತಾದ ಒಂದು ಉದಾಹರಣೆಯುಂಟು. ಪೋಲೆಂಡಿನ ವಾರ್ಸಾ ನಗರದ ಸಂಸ್ಥೆಯೊಂದು 2014ರಲ್ಲಿ ಹೊರತಂದ 'ದಿಸ್ ವಾರ್ ಆಫ್ ಮೈನ್' ಎಂಬ ಆಟ. 1992ರಿಂದ 1996ರವರೆಗೆ ನಡೆದ ಸರಾಯೆವೊ ನಗರದ ಮುತ್ತಿಗೆಯೇ ಇದಕ್ಕೆ ಪ್ರೇರಣೆ. ಇಲ್ಲಿ ನಾವು ಸೈನಿಕರಲ್ಲ. ಪಾಳುಮನೆಯಲ್ಲಿ ಹಸಿವಿನಿಂದ ನರಳುವ ಸಾಮಾನ್ಯ ಜನರು. ರಾತ್ರಿಯಾದರೆ ಅನ್ನ ಔಷಧಗಳನ್ನು ಹುಡುಕಿ ಹೊರಡಬೇಕು. ಒಂದು ಮನೆಯಲ್ಲಿ ವೃದ್ಧ ದಂಪತಿಗಳಿದ್ದಾರೆ. ಅವರಲ್ಲಿ ಆಹಾರವಿದೆ, ಎದುರಿಸುವ ಬಲವಿಲ್ಲ. ದೋಚಿಕೊಂಡು ಬಂದರೆ ನಮ್ಮವರ ಪ್ರಾಣ ಉಳಿದೀತು. ಆದರೆ ಹಾಗೆ ತಂದವನು ಕುಗ್ಗಿಹೋಗುತ್ತಾನೆ, ಮನೆಯ ಉಳಿದವರ ಮನಸ್ಸೂ ಮುದುಡುತ್ತದೆ. ಬಾರದೆ ಬರಿಗೈಯಲ್ಲಿ ಮರಳಿದವನಿಗೆ ಯಾವ ಬಹುಮಾನವೂ ಕಾದಿರುವುದಿಲ್ಲ. 2020ರಲ್ಲಿ ಪೋಲೆಂಡಿನ ಸರಕಾರವು ಈ ಆಟವನ್ನು ಪ್ರೌಢ ವಿದ್ಯಾರ್ಥಿಗಳ ಪೂರಕ ಪಠ್ಯಗಳ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು. ಯುದ್ಧದ ಬೂದಿಯಿಂದ ಎದ್ದ ನಾಡೊಂದು ಆಟವನ್ನು ಗ್ರಂಥದ ಪಕ್ಕದಲ್ಲಿ ಇರಿಸಿತೆಂಬುದು ನಮ್ಮಂಥ ಅಧ್ಯಾಪಕರು ಯೋಚಿಸಬೇಕಾದ ಸಂಗತಿ.

ಇಷ್ಟೆಲ್ಲ ಹೇಳಿದ ಮೇಲೂ ಆಟಕ್ಕೊಂದು ಮಿತಿಯಿದೆ. ಅದನ್ನು ತಿಳಿಸುವುದಕ್ಕಾಗಿ ನನ್ನದೇ ಒಂದು ಪ್ರಸಂಗವನ್ನು ಹೇಳಬೇಕು. ಹುಡುಗನ ಪ್ರಶ್ನೆಗೆ ನಾನು ಬಾಯಿ ಕಟ್ಟಿ ನಿಂತುದಕ್ಕೂ ಅದೇ ಕಾರಣ.

ಊರು ಬಿಟ್ಟು ಈ ಮುಂಬಯಿಗೆ ಬಂದ ಹೊಸತರಲ್ಲಿ ನಾನು ಬೇರೊಂದು ಶಾಲೆಯಲ್ಲಿದ್ದೆ. ನನ್ನ ತರಗತಿಯಲ್ಲಿ ಹೋಟೆಲಿನಲ್ಲಿ ಸೋದರಮಾವನ ಕೈಕೆಳಗೆ ದುಡಿಯುವ ಹುಡುಗನೊಬ್ಬನಿದ್ದ. ರಾತ್ರಿ ಬಾಗಿಲು ಹಾಕುವವರೆಗೂ ಅವನಿಗೆ ಕೆಲಸ. ಬೆಳಗ್ಗೆ ಎಚ್ಚರವಾಗದೆ ಹಲವು ದಿನ ಶಾಲೆ ತಪ್ಪುತ್ತಿತ್ತು. ಒಂದು ದಿನ ಮೇಜಿನ ಬಳಿ ಬಂದು, "ಸರ್, ಈ ತಿಂಗಳು ನಾಲ್ಕು ದಿನ ಹಾಜರಿ ಹಾಕಿಬಿಡಿ. ಶಾಲೆಯಿಂದ ಕಾಗದ ಹೋದರೆ ಮಾವ ನನ್ನನ್ನು ಬಿಡಿಸಿಬಿಡುತ್ತಾರೆ" ಎಂದ. ಸುಳ್ಳು ಬರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆದೆ. ನಿಯಮದಂತೆ ಕಾಗದ ಹೋಯಿತು. ದೀಪಾವಳಿಯ ರಜೆ ಮುಗಿದ ಮೇಲೆ ಅವನು ಬರಲಿಲ್ಲ.

ನಾನು ಬರೆದುದು ಸತ್ಯವೇ. ಸುಳ್ಳು ಬರೆಯಬೇಕಾಗಿತ್ತೆಂದು ಇಂದಿಗೂ ಹೇಳಲಾರೆ. ಆದರೆ ಹಾಜರಿ ಪುಸ್ತಕದಲ್ಲಿ ಎರಡೇ ಗುರುತುಗಳಿದ್ದುದರಿಂದ ನನ್ನ ಮುಂದೆ ಎರಡೇ ದಾರಿಗಳಿವೆಯೆಂದು ನಂಬಿದೆನಲ್ಲ, ಅದು ನನ್ನ ತಪ್ಪು. ಆ ಹೋಟೆಲು ಶಾಲೆಯಿಂದ ಹತ್ತು ನಿಮಿಷದ ದಾರಿ. ಸಂಜೆ ನಡೆದುಹೋಗಿ ಅವನ ಮಾವನೆದುರು ಕುಳಿತು, ಹುಡುಗನನ್ನು ರಾತ್ರಿ ಒಂದು ತಾಸು ಬೇಗ ಬಿಡಿರೆಂದು ಕೇಳಬಹುದಾಗಿತ್ತು. ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಗಳಲ್ಲಿ ಕನ್ನಡ ಕಲಿತು ಮುಂದೆ ಬಂದವರ ಪರಂಪರೆಯೇ ಈ ನಗರದಲ್ಲಿದೆ. ಆ ಮಾವನೂ ಅಂಥವರಲ್ಲೊಬ್ಬನಾಗಿದ್ದಿರಬಹುದು. ನಾನು ಕೇಳಲಿಲ್ಲ. ಕೇಳಿದ್ದರೆ ಅವನು ಒಪ್ಪುತ್ತಿದ್ದನೋ ಇಲ್ಲವೋ, ಕೇಳದವನಿಗೆ ಅದು ಎಂದೂ ತಿಳಿಯದು.

ಆಟವು ಕಲಿಸಲಾರದ ಪಾಠ ಇದೇ. ಆಟ ರಚಿಸಿದವನು ಎರಡು ಗುಂಡಿಗಳನ್ನು ಇಟ್ಟಿದ್ದರೆ ಎರಡನ್ನೇ ಒತ್ತಬಹುದು. ಮೂರನೆಯದನ್ನು ನಾವು ನಿರ್ಮಿಸಲಾರೆವು. ಇನ್ನೊಂದು ಮಾತು: ಮನಸ್ಸಿಗೆ ಒಪ್ಪದಿದ್ದರೆ ಆಟವನ್ನು ಮೊದಲಿನಿಂದ ಆಡಬಹುದು. ಹಾಜರಿ ಪುಸ್ತಕದ ಮಸಿ ಹಾಗೆ ಅಳಿಸುವಂಥದಲ್ಲ.

ಆದುದರಿಂದ ತಂದೆತಾಯಿಗಳಲ್ಲಿಯೂ ನನ್ನ ಸಹೋದ್ಯೋಗಿಗಳಲ್ಲಿಯೂ ನನ್ನ ಬಿನ್ನಹವಿಷ್ಟು. ಇಂಥ ಆಟಗಳು ಚಿಕ್ಕ ಮಕ್ಕಳಿಗಲ್ಲ. ವಯಸ್ಸು ನೋಡಿ ಕೊಡಬೇಕು. ಆದರೆ ಬೆಳೆದ ಹುಡುಗ ಹುಡುಗಿಯರು ಆಡುತ್ತಿದ್ದರೆ, ಬರಿಯ ಗದರಿಕೆಯಿಂದ ಮುಗಿಸದೆ ಒಂದು ಗಳಿಗೆ ಪಕ್ಕದಲ್ಲಿ ಕುಳಿತುಕೊಳ್ಳಿರಿ. 'ಏನನ್ನು ಆರಿಸಿದೆ?' ಎಂದು ಕೇಳಿರಿ, 'ಏಕೆ?' ಎಂದು ಕೇಳಿರಿ; ಕೊನೆಗೆ, 'ಈ ಎರಡೂ ಅಲ್ಲದೆ ಬೇರೇನು ಮಾಡಬಹುದಾಗಿತ್ತು?' ಎಂದೂ ಕೇಳಿರಿ. ಈ ಕೊನೆಯ ಪ್ರಶ್ನೆಯನ್ನು ಯಂತ್ರವು ಕೇಳುವುದಿಲ್ಲ. ಅದನ್ನು ಕೇಳುವುದಕ್ಕಾಗಿಯೇ ಮನೆಯಲ್ಲಿ ಹಿರಿಯರೂ ಶಾಲೆಯಲ್ಲಿ ಗುರುಗಳೂ ಇರುವುದು.

ಆ ಹುಡುಗನಿಗೆ ಮರುದಿನ ಉತ್ತರ ಹೇಳಿದೆ: "ಆ ಹೆಂಗಸನ್ನು ಒಳಗೆ ಬಿಡುತ್ತಿದ್ದೆನಪ್ಪ, ದಂಡ ಬಿದ್ದರೆ ತೆರುತ್ತಿದ್ದೆ." ಅವನು ತುಸು ಯೋಚಿಸಿ, "ಹಾಗಾದರೆ ನಿಮ್ಮ ಮನೆಯವರ ಊಟಕ್ಕೆ, ಸರ್?" ಎಂದ.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಅವನು ಅದನ್ನು ಕೇಳಿದನೆಂಬುದೇ ನನಗೆ ಆ ವರ್ಷದ ದೊಡ್ಡ ಸಂತೋಷವಾಯಿತು.